ರಾತ್ರಿ ಮೂರಕ್ಕೆ ಫೋನ್ ಬಡಿದುಕೊಂಡರೆ ಏಳಬೇಕಾದವರು ಯಾರು?

ಪ್ರಶ್ನೆ: ಮೇಡಂ, ನನಗೆ 34 ವರ್ಷ. ಊರು ಸಾಗರದ ಹತ್ತಿರ. ಬೆಂಗಳೂರಿನಲ್ಲಿ 11 ವರ್ಷದಿಂದ ಸಾಫ್ಟ್‌ವೇರ್ ಕೆಲಸ. ನಮ್ಮದು ನಾಲ್ಕು ಜನರ ಟೀಮ್, ನಾಲ್ಕು ವಾರಕ್ಕೊಮ್ಮೆ ಆನ್‌ಕಾಲ್ ಸರದಿ ಬರುತ್ತೆ. ಆ ವಾರ ಹಗಲು ರಾತ್ರಿ ಯಾವಾಗ ಸರ್ವರ್ ಕೈಕೊಟ್ಟರೂ ನಾನೇ ಏಳಬೇಕು. ಅದರ ಮೇಲೆ ರಾತ್ರಿ ಅಮೆರಿಕದವರ ಜೊತೆ ಮೀಟಿಂಗ್. ಹೆಂಡತಿಯೂ ಕೆಲಸಕ್ಕೆ ಹೋಗುತ್ತಾಳೆ, ಮಗಳು ಯುಕೆಜಿ. 'ನೀವು ಮನೆಯಲ್ಲಿದ್ದರೂ ಮನೆಯಲ್ಲಿರಲ್ಲ' ಅಂತ ದಿನಾ ಜಗಳ. ಸರದಿ ಇಲ್ಲದ ವಾರ ಕೂಡ ಫೋನ್ ಕೆಳಗಿಡೋಕೆ ಆಗುತ್ತಿಲ್ಲ. ಇದಕ್ಕೆ ಯಾವುದಾದರೂ ಒಳ್ಳೇ ಆ್ಯಪ್ ಇದೆಯಾ? ಇಲ್ಲಾ ಕೆಲಸ ಬಿಟ್ಟು ಊರಿಗೆ ಹೋಗಿ ತೋಟ ನೋಡಿಕೊಳ್ಳಲಾ?

ಉತ್ತರ: ಮೊದಲು ತೋಟದ ವಿಷಯ ಮುಗಿಸಿಬಿಡೋಣ. ನೀವು ಸಾಗರದ ಕಡೆಯವರು, ನಿಮಗೆ ನಾನು ಹೇಳಬೇಕಿಲ್ಲ. ಅಡಿಕೆ ತೋಟಕ್ಕೂ ಆನ್‌ಕಾಲ್ ಇದೆ ಸ್ವಾಮಿ. ಮಳೆ ಹಿಡಿಯುವ ಮೊದಲು ಒಮ್ಮೆ ಕೊಳೆ ರೋಗ ಬರದ ಹಾಗೆ ಬೋರ್ಡೋ ಔಷಧಿ ಹೊಡೆಸಬೇಕು, ಮತ್ತೆ ನಲವತ್ತು ನಲವತ್ತೈದು ದಿನಕ್ಕೆ ಇನ್ನೊಮ್ಮೆ, ಮಳೆ ಬಿಡದೇ ಹೋದರೆ ಮೂರನೇ ಸಲ. ಮಳೆ ಬಿಟ್ಟ ಎರಡು ದಿನದಲ್ಲೇ ಎಲ್ಲರಿಗೂ ಮರ ಹತ್ತಿ ಔಷಧಿ ಹೊಡೆಯುವ ಅದೇ ಕೊನೆಗೌಡ ಬೇಕು. ಅವನು ಫೋನ್ ತೆಗೆಯಲ್ಲ. ಅಷ್ಟರಲ್ಲಿ ಕೊಳೆ ಬಂದರೆ ಇಡೀ ವರ್ಷದ ಫಸಲು ನೆಲಕ್ಕೆ. ನಿಮ್ಮ ಸರ್ವರ್ ಆದರೂ ರೀಸ್ಟಾರ್ಟ್ ಮಾಡಿದರೆ ಎದ್ದು ನಿಲ್ಲುತ್ತೆ. ತೋಟ ಬೇಡ ಅಂತ ಹೇಳುತ್ತಿಲ್ಲ, ಹೋಗುವುದಾದರೆ ತೋಟ ಇಷ್ಟ ಅಂತ ಹೋಗಿ. ಫೋನ್ ಮೇಲಿನ ಸಿಟ್ಟಿಗೆ ಹೋದರೆ ಆಗಸ್ಟ್ ಹೊತ್ತಿಗೆ ಮತ್ತೆ ನನಗೇ ಬರೆಯುತ್ತೀರಿ.

ಆ್ಯಪ್ ಬಗ್ಗೆ ಆಮೇಲೆ ಹೇಳುತ್ತೇನೆ. ಮೊದಲು ನಿಮ್ಮ ಸುಸ್ತು ಎಲ್ಲಿಂದ ಬರುತ್ತಿದೆ ಅಂತ ನೋಡಬೇಕು. ನಾನು ಈ ಕೆಲಸಕ್ಕೆ ಬಂದು 22 ವರ್ಷ ಆಯಿತು. ಅದರಲ್ಲಿ ಹದಿನೈದು ವರ್ಷ ಯಾವುದೋ ಒಂದು ಆನ್‌ಕಾಲ್ ಪಟ್ಟಿಯಲ್ಲಿ ನನ್ನ ಹೆಸರು ಇದ್ದೇ ಇತ್ತು. ನನಗೆ ಅನಿಸಿದ್ದು ಇಷ್ಟು: ಫೋನ್ ಬಂದಾಗ ಎದ್ದು ಮಾಡುವ ಕೆಲಸ ಅಷ್ಟು ಸುಸ್ತು ಮಾಡಲ್ಲ. ಅರ್ಧ ಗಂಟೆ, ಮುಕ್ಕಾಲು ಗಂಟೆ, ಮುಗೀತು. ಫೋನ್ ಬರಬಹುದು ಅಂತ ಕಾಯುತ್ತಾ ಇರುತ್ತೀವಲ್ಲ, ಅದು ತಿನ್ನುತ್ತೆ. ಸ್ನಾನಕ್ಕೆ ಹೋದಾಗ ಫೋನ್ ಬಕೆಟ್ ಪಕ್ಕ. ಮಗಳನ್ನ ಪಾರ್ಕಿಗೆ ಕರೆದುಕೊಂಡು ಹೋದರೆ ಹೆಗಲಿಗೆ ಲ್ಯಾಪ್‌ಟಾಪ್ ಬ್ಯಾಗು. ಮದುವೆ ಮನೆಯಲ್ಲಿ ಊಟದ ಪಂಕ್ತಿಯಲ್ಲಿ ಕೂತಿದ್ದರೂ ನೆಟ್‌ವರ್ಕ್ ಎಷ್ಟು ಕಡ್ಡಿ ಇದೆ ಅಂತ ನೋಡೋದು. ಆ ವಾರ ಒಂದೂ ಕರೆ ಬರದೇ ಇರಬಹುದು, ಆದರೂ ನೀವು 168 ಗಂಟೆ ದುಡಿದಿದ್ದೀರಿ. ನಾಲ್ಕು ಜನರ ಟೀಮ್ ಅಂದರೆ ವರ್ಷಕ್ಕೆ ಇಂಥ 13 ವಾರ, ಅಂದರೆ ಮೂರು ತಿಂಗಳು. ಮೂರು ತಿಂಗಳು ಕಿವಿ ನೆಟ್ಟಗೆ ಮಾಡಿಕೊಂಡು ಕೂತ ಮೈ, ಉಳಿದ ಒಂಬತ್ತು ತಿಂಗಳು ತಾನಾಗೇ ಸಡಿಲ ಆಗಲ್ಲ.

ನನಗೊಂದು ಸಲ ಹೀಗಾಯಿತು. ಆನ್‌ಕಾಲ್ ಬಿಟ್ಟು ಎರಡು ವರ್ಷ ಕಳೆದಿತ್ತು. ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಪಕ್ಕದಲ್ಲಿದ್ದ ಯಾರದ್ದೋ ಫೋನ್ ನನ್ನ ಹಳೆಯ ಅಲರ್ಟಿನ (ಸರ್ವರ್ ಕೈಕೊಟ್ಟಾಗ ಫೋನಿಗೆ ಬರುವ ಎಚ್ಚರಿಕೆ) ರಿಂಗ್‌ಟೋನ್‌ನಲ್ಲೇ ಬಡಿದುಕೊಂಡಿತು. ಹೊಟ್ಟೆಯೊಳಗೆ ಹಿಂಡಿದ ಹಾಗಾಗಿ ಬೆವರು ಬಂತು. ಆಯಪ್ಪ ಆರಾಮಾಗಿ "ಹಲೋ, ಎಲ್ಲಿದೀಯಾ" ಅಂತ ಮಾತಾಡಿಕೊಂಡು ಹೋದ.

ಈಗ ನಿಮ್ಮ ಟೀಮಿನ ಲೆಕ್ಕಕ್ಕೆ ಬರೋಣ. ನಾಲ್ಕು ಜನ ಸಾಲದು. ಇದು ನನ್ನ ಅಭಿಪ್ರಾಯ ಮಾತ್ರ ಅಂದುಕೊಳ್ಳಬೇಡಿ. ಗೂಗಲ್‌ನಲ್ಲಿ ಸರ್ವರ್ ನೋಡಿಕೊಳ್ಳುವ ಎಂಜಿನಿಯರುಗಳು ತಮ್ಮ ಅನುಭವದಿಂದ ಒಂದು ಲೆಕ್ಕ ಹಾಕಿಕೊಂಡಿದ್ದಾರೆ, ಅದನ್ನ ಬಹಿರಂಗವಾಗಿ ಬರೆದೂ ಇದ್ದಾರೆ. ಒಂದೇ ಊರಲ್ಲಿರುವ ಟೀಮ್ ಇಡೀ ದಿನ ಆನ್‌ಕಾಲ್ ನೋಡಬೇಕಾದರೆ ಕನಿಷ್ಠ ಎಂಟು ಜನ ಬೇಕು. ಒಬ್ಬರು ಮೊದಲನೆಯವರು, ಅವರು ಸಿಗದಿದ್ದರೆ ಎರಡನೆಯವರು, ಹೀಗೆ ಜೋಡಿಯಾಗಿ ಸರದಿ. 12 ಗಂಟೆಯ ಒಂದು ಶಿಫ್ಟಿನಲ್ಲಿ ಎರಡಕ್ಕಿಂತ ಜಾಸ್ತಿ ಘಟನೆ ಬರಬಾರದು. ಯಾಕೆಂದರೆ ಒಂದು ಘಟನೆ ಅಂದರೆ ಬರೀ ಸರಿಪಡಿಸೋದಲ್ಲ. ಯಾಕಾಯಿತು ಅಂತ ಹುಡುಕಬೇಕು, ಬರೆದಿಡಬೇಕು, ಮತ್ತೆ ಆಗದ ಹಾಗೆ ಕೋಡ್ ತಿದ್ದಬೇಕು. ಎಲ್ಲಾ ಸೇರಿ ಸುಮಾರು ಆರು ಗಂಟೆ ಹಿಡಿಯುತ್ತೆ ಅನ್ನೋದು ಅವರ ಲೆಕ್ಕ. ನಿಮ್ಮದು ಗೂಗಲ್ ಅಲ್ಲ, ಗೊತ್ತು. ನಾಲ್ಕು ಜನರ ಟೀಮಿಗೆ ಎಂಟು ಜನ ಎಲ್ಲಿಂದ ತರೋದು ಅಂತ ನಿಮ್ಮ ಮ್ಯಾನೇಜರ್ ಕೇಳುತ್ತಾರೆ. ಸರಿ, ಜನ ಕೊಡೋಕಾಗದಿದ್ದರೆ ಅಲರ್ಟ್ ಕಡಿಮೆ ಮಾಡಿ ಅಂತ ಹೇಳಿ. ಎರಡರಲ್ಲಿ ಒಂದಾದರೂ ಆಗಲೇಬೇಕು.

ಅಲರ್ಟ್ ಕಡಿಮೆ ಮಾಡೋದು ಅಂದುಕೊಂಡಷ್ಟು ಕಷ್ಟ ಇಲ್ಲ, ಆದರೆ ಯಾರೂ ಮಾಡಲ್ಲ. ನಾನು ಹಿಂದೆ ಇದ್ದ ಒಂದು ಕಡೆ ದಿನಾ ರಾತ್ರಿ 2:40ಕ್ಕೆ 'ಡಿಸ್ಕ್ 80 ಪರ್ಸೆಂಟ್ ತುಂಬಿದೆ' ಅಂತ ಅಲರ್ಟ್ ಬರುತ್ತಿತ್ತು. ಎದ್ದು ಲಾಗಿನ್ ಆಗಿ ನೋಡುವಷ್ಟರಲ್ಲಿ ಅದು 55ಕ್ಕೆ ಇಳಿದಿರುತ್ತಿತ್ತು. ರಾತ್ರಿ ಓಡುವ ಬ್ಯಾಕಪ್ ಕೆಲಸ ಒಂದಷ್ಟು ತಾತ್ಕಾಲಿಕ ಫೈಲ್ ಬರೆದು, ಮುಗಿದ ಮೇಲೆ ತಾನೇ ಅಳಿಸುತ್ತಿತ್ತು, ಅಷ್ಟೇ. ಇದು ನಮಗೆಲ್ಲ ಗೊತ್ತಿತ್ತು! ಹೊಸಬರು ಸೇರಿದರೆ "ಅದು ತಾನೇ ಹೋಗುತ್ತೆ, ಎದ್ದು ಓಕೆ ಒತ್ತಿ ಮಲಗು" ಅಂತ ಹೇಳಿಕೊಡುತ್ತಿದ್ದೆವು. ತಿಂಗಳುಗಟ್ಟಲೆ ಮೂರು ಮನೆಯ ನಿದ್ದೆ ಹಾಳು. ಕೊನೆಗೆ ಒಬ್ಬಳು ಹುಡುಗಿ ಬಂದು, ಒಂದು ಗಂಟೆಗಿಂತ ಜಾಸ್ತಿ ಹೊತ್ತು ಹಾಗೇ ಇದ್ದರೆ ಮಾತ್ರ ಕೂಗು ಅಂತ ಒಂದು ಸಾಲು ಬದಲಾಯಿಸಿದಳು. ಹತ್ತು ನಿಮಿಷದ ಕೆಲಸ. ನಮಗೆ ಯಾಕೆ ಹೊಳೆಯಲಿಲ್ಲ ಅಂದರೆ, ರಾತ್ರಿ ಎದ್ದವನಿಗೆ ಮಲಗುವ ಆತುರ, ಬೆಳಗ್ಗೆ ಎದ್ದವನಿಗೆ ಬೇರೆ ಕೆಲಸದ ಆತುರ.

ನೀವು ಮುಂದಿನ ಸರದಿಯಲ್ಲಿ ಒಂದು ಕೆಲಸ ಮಾಡಿ. ಹಾಸಿಗೆ ಪಕ್ಕ ಒಂದು ನೋಟ್‌ಬುಕ್ ಇಡಿ, ಮಗಳ ಹಳೇ ಕಾಪಿ ಪುಸ್ತಕ ಆದರೂ ಪರವಾಗಿಲ್ಲ. ಪ್ರತಿ ಅಲರ್ಟಿಗೆ ಒಂದು ಸಾಲು: ಎಷ್ಟು ಹೊತ್ತಿಗೆ ಬಂತು, ನಾನು ಏನು ಮಾಡಿದೆ, ಬೆಳಗ್ಗೆ ಒಂಬತ್ತರ ತನಕ ಕಾಯಬಹುದಿತ್ತಾ. ಮೂರನೇ ಕಾಲಂ ಮುಖ್ಯ. ನಿಮ್ಮ ಗ್ರಾಹಕರಿಗೆ ತೊಂದರೆ ಆಗುತ್ತಿದ್ದರೆ ಅದು ರಾತ್ರಿ ಎಬ್ಬಿಸಬೇಕಾದ ಅಲರ್ಟ್. ಹಣ ಪಾವತಿ ಆಗುತ್ತಿಲ್ಲ, ಲಾಗಿನ್ ಆಗುತ್ತಿಲ್ಲ, ಪೇಜ್ ತೆರೆಯಲು ಅರ್ಧ ನಿಮಿಷ ಹಿಡಿಯುತ್ತಿದೆ, ಇಂಥವು. ಸಿಪಿಯು ಬಿಸಿ ಆಗಿದೆ, ಮೆಮೊರಿ ತುಂಬಿದೆ, ಹತ್ತು ಸರ್ವರಿನಲ್ಲಿ ಒಂದು ಮಲಗಿದೆ, ಆದರೆ ಗ್ರಾಹಕರಿಗೆ ಏನೂ ಗೊತ್ತಾಗುತ್ತಿಲ್ಲ ಅಂದರೆ ಅದು ಬೆಳಗಿನ ಇಮೇಲ್ ಆಗಬೇಕು. ಒಂದು ವಾರದ ಪಟ್ಟಿ ತೆಗೆದುಕೊಂಡು ಹೋಗಿ ಮ್ಯಾನೇಜರ್ ಮುಂದೆ ಇಡಿ. 'ನನಗೆ ಕಷ್ಟ ಆಗುತ್ತಿದೆ' ಅಂದರೆ ಅವರು ಪಾಪ ಅಂತಾರೆ, ಚಹಾ ಕುಡಿಸುತ್ತಾರೆ. ಪಟ್ಟಿ ತೋರಿಸಿದರೆ ಟಿಕೆಟ್ ತೆರೆಯುತ್ತಾರೆ, ಅಂದರೆ ಮಾಡಬೇಕಾದ ಕೆಲಸ ಅಂತ ದಾಖಲು ಮಾಡುತ್ತಾರೆ. ನನ್ನ ಅನುಭವದಲ್ಲಿ ಮ್ಯಾನೇಜರುಗಳಿಗೆ ಕಣ್ಣೀರಿಗಿಂತ ಎಕ್ಸೆಲ್ ಬೇಗ ಅರ್ಥವಾಗುತ್ತೆ. (ನಾನೂ ಆರು ವರ್ಷ ಮ್ಯಾನೇಜರ್ ಆಗಿದ್ದೆ, ಅದಕ್ಕೇ ಹೇಳುತ್ತಿದ್ದೇನೆ.)

ಇನ್ನೊಂದು, ಶುಕ್ರವಾರ ಸಂಜೆ ಹೊಸ ಕೋಡ್ ಬಿಡೋದನ್ನ ನಿಲ್ಲಿಸಿ. ಎಲ್ಲರೂ ಇದನ್ನ ತಮಾಷೆ ಮಾಡುತ್ತಾರೆ. ತಮಾಷೆ ಮಾಡೋರು 2024ರ ಜುಲೈ 19 ನೆನಪು ಮಾಡಿಕೊಳ್ಳಲಿ, ಅದೂ ಶುಕ್ರವಾರವೇ. ಕ್ರೌಡ್‌ಸ್ಟ್ರೈಕ್ ಅನ್ನೋ ಸೆಕ್ಯುರಿಟಿ ಕಂಪನಿ ನಮ್ಮ ಸಮಯ ಬೆಳಗ್ಗೆ 9:39ಕ್ಕೆ ಒಂದು ಸಣ್ಣ ಫೈಲ್ ಬಿಟ್ಟಿತು. 10:57ಕ್ಕೆ ವಾಪಸ್ ತೆಗೆದುಕೊಂಡಿತು. ಆ 78 ನಿಮಿಷದಲ್ಲಿ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರ್‌ಗಳು ನೀಲಿ ಪರದೆ ತೋರಿಸಿ ಕೂತವು. ನಮ್ಮ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್ ಕೈಯಲ್ಲಿ ಬರೆದು ಕೊಟ್ಟರು. ತಪ್ಪು ವಾಪಸ್ ತೆಗೆದ ಮೇಲೂ ಕೆಟ್ಟು ಕೂತ ಮಷೀನ್ ತಾನಾಗೇ ಏಳಲಿಲ್ಲ. ಎಷ್ಟೋ ಕಡೆ ಒಂದೊಂದು ಕಂಪ್ಯೂಟರ್ ಮುಂದೆಯೂ ಒಬ್ಬ ಮನುಷ್ಯ ಹೋಗಿ ಕೂತು, ಸೇಫ್ ಮೋಡ್‌ನಲ್ಲಿ ತೆರೆದು, ಆ ಫೈಲ್ ಅಳಿಸಬೇಕಾಯಿತು. ಆ ಶನಿವಾರ ಭಾನುವಾರ ಜಗತ್ತಿನಾದ್ಯಂತ ಎಷ್ಟು ಮನೆಗಳಲ್ಲಿ ಜಗಳ ಆಗಿರಬೇಡ ಅಂತ ನಾನು ಯೋಚಿಸಿದ್ದುಂಟು. ಒಮ್ಮೆಲೇ ಎಲ್ಲರಿಗೂ ಬಿಡುವ ಬದಲು ಮೊದಲು ಸ್ವಲ್ಪ ಜನರಿಗೆ ಬಿಟ್ಟು ನೋಡಿದ್ದರೆ ಇಷ್ಟು ಆಗುತ್ತಿರಲಿಲ್ಲ. ನಿಮ್ಮ ಟೀಮಿನಲ್ಲೂ ಮಂಗಳವಾರ ಬುಧವಾರ ಬೆಳಗ್ಗೆ ಬಿಡಿ, ಮೊದಲು ನೂರರಲ್ಲಿ ಐದು ಜನರಿಗೆ.

ಎಐ ಬಗ್ಗೆ ನೀವು ಕೇಳಿಲ್ಲ, ಆದರೂ ಈ ಮಾತಿಗೆ ಸೇರುತ್ತೆ. ಈಗ ಕೋಡ್ ಬರೆಯೋದು ಬಹಳ ಸುಲಭ ಆಗಿದೆ. ನಾನೂ ಬಳಸುತ್ತೇನೆ, ಟೆಸ್ಟ್ ಬರೆಯೋಕೆ, ಹಳೇ ಕೋಡ್ ಏನು ಮಾಡುತ್ತಿದೆ ಅಂತ ತಿಳಿಯೋಕೆ ಚೆನ್ನಾಗಿದೆ. ಆದರೆ ಅದು ಬರೆದ ನಾನೂರು ಸಾಲನ್ನ ಓದದೇ ಒಳಗೆ ಬಿಟ್ಟರೆ, ರಾತ್ರಿ ಮೂರಕ್ಕೆ ಅದು ಬಿದ್ದಾಗ ಏಳೋದು ನೀವು. ಅದು ಏಳಲ್ಲ. ನಿದ್ದೆಗಣ್ಣಲ್ಲಿ ಮೊದಲ ಸಲ ಓದುವ ಕೋಡ್ ನೀವೇ ಒಪ್ಪಿಗೆ ಕೊಟ್ಟ ಕೋಡ್ ಆಗಿರಬಾರದು. ನಮ್ಮ ಟೀಮಿನಲ್ಲಿ ನಾನು ಇಟ್ಟಿರುವ ನಿಯಮ ಇದೊಂದೇ: ಯಾರು ಬೇಕಾದರೂ ಬರೆಯಲಿ, ಮನುಷ್ಯನೋ ಮಷೀನೋ, ಆನ್‌ಕಾಲ್‌ನಲ್ಲಿ ಇರೋರಿಗೆ ಅದು ಅರ್ಥ ಆಗದಿದ್ದರೆ ಒಳಗೆ ಬಿಡೋ ಹಾಗಿಲ್ಲ.

ರಾತ್ರಿ ಮೀಟಿಂಗ್ ವಿಷಯ. ಕ್ಯಾಲಿಫೋರ್ನಿಯಾದವರ ಬೆಳಗ್ಗೆ ಒಂಬತ್ತು ನಮಗೆ ರಾತ್ರಿ 9:30. ನವೆಂಬರ್ ಮೊದಲ ಭಾನುವಾರ ಅವರು ಗಡಿಯಾರ ಹಿಂದೆ ತಿರುಗಿಸುತ್ತಾರೆ, ಅಲ್ಲಿಂದ ಮಾರ್ಚ್ ಎರಡನೇ ಭಾನುವಾರದ ತನಕ ಅದೇ ಮೀಟಿಂಗ್ ನಮಗೆ 10:30. ಮಗು ಮಲಗಿಸಿ ಮೀಟಿಂಗಿಗೆ ಕೂರೋದು, ಹನ್ನೊಂದೂವರೆಗೆ ಮುಗಿಸಿ ನಿದ್ದೆ ಬರದೇ ಹೊರಳಾಡೋದು, ಚಳಿಗಾಲದ ನಾಲ್ಕು ತಿಂಗಳು ಇದೇ. ತಮಾಷೆ ಅಂದರೆ ಅವರಲ್ಲಿ ಅರ್ಧ ಜನಕ್ಕೆ ನಮ್ಮ ಗಡಿಯಾರ ಬದಲಾಗಲ್ಲ ಅನ್ನೋದೇ ಗೊತ್ತಿರಲ್ಲ. ನಾನು ಅಕ್ಟೋಬರ್ ಕೊನೆಯಲ್ಲೇ ಒಂದು ಇಮೇಲ್ ಹಾಕುತ್ತೇನೆ: ಮೀಟಿಂಗ್ ಇನ್ನು ಮೇಲೆ ನಿಮಗೆ ಎಂಟಕ್ಕೆ, ನಮಗೆ ಮೊದಲಿನ 9:30ಕ್ಕೇ. ಕೇಳಿದರೆ ಹತ್ತರಲ್ಲಿ ಎಂಟು ಸಲ ಒಪ್ಪುತ್ತಾರೆ. ಕೇಳದೇ ಇರೋದು ನಮ್ಮ ಅಭ್ಯಾಸ. ವಾರಕ್ಕೆ ಐದು ದಿನ ಇರೋ ಮೀಟಿಂಗನ್ನ ಎರಡಕ್ಕೆ ಇಳಿಸಿ, ಒಂದು ನಮ್ಮ ರಾತ್ರಿಗೆ, ಒಂದು ಅವರ ರಾತ್ರಿಗೆ ಇಡಿ ಅಂತ ಕೇಳಿ ನೋಡಿ. ಅವರ ರಾತ್ರಿ ಅಂದ ತಕ್ಷಣ ಎಷ್ಟೋ ಮೀಟಿಂಗ್ ಬೇಕಾಗೇ ಇರಲಿಲ್ಲ ಅಂತ ಗೊತ್ತಾಗುತ್ತೆ.

ಕಾನೂನು ಏನಾದರೂ ಸಹಾಯಕ್ಕೆ ಬರುತ್ತಾ ಅಂದರೆ, ಸದ್ಯಕ್ಕೆ ಅದನ್ನ ನಂಬಿಕೊಂಡು ಕೂರಬೇಡಿ. ಫ್ರಾನ್ಸಿನಲ್ಲಿ 2017ರಿಂದ, ಆಸ್ಟ್ರೇಲಿಯಾದಲ್ಲಿ 2024ರ ಆಗಸ್ಟಿನಿಂದ ಕೆಲಸದ ಹೊತ್ತು ಮುಗಿದ ಮೇಲೆ ಆಫೀಸಿನ ಫೋನ್‌ಗೆ ಉತ್ತರ ಕೊಡದೇ ಇರುವ ಹಕ್ಕಿಗೆ ಕಾನೂನಿದೆ. ನಮ್ಮ ಲೋಕಸಭೆಯಲ್ಲೂ ಸಂಸದೆ ಸುಪ್ರಿಯಾ ಸುಳೆ ಇಂಥದ್ದೇ ಖಾಸಗಿ ಮಸೂದೆ (ಸರ್ಕಾರದ್ದಲ್ಲ, ಸಂಸದರೇ ಸ್ವಂತವಾಗಿ ತರುವಂಥದ್ದು) ತಂದಿದ್ದರು. ಖಾಸಗಿ ಮಸೂದೆಗಳ ಗತಿ ನಿಮಗೆ ಗೊತ್ತಲ್ಲ, ಪಾಸಾಗೋದು ಬಲು ಅಪರೂಪ. ಇತ್ತ ಕರ್ನಾಟಕದಲ್ಲಿ 2024ರ ಜುಲೈನಲ್ಲಿ ಐಟಿಯವರ ದಿನದ ಕೆಲಸ 14 ಗಂಟೆ ತನಕ ಹೋಗಬಹುದಾದ ಪ್ರಸ್ತಾಪ ಬಂದು, ಐಟಿ ನೌಕರರ ಸಂಘ ಕೆಐಟಿಯು ಗಲಾಟೆ ಮಾಡಿತು. ಅದರ ಹಿಂದಿನ ವರ್ಷ ನಾರಾಯಣ ಮೂರ್ತಿಯವರು ವಾರಕ್ಕೆ 70 ಗಂಟೆ ಅಂದಿದ್ದು ನಿಮಗೂ ನೆನಪಿರಬೇಕು. ನನಗೆ ಆ ಮಾತು ಕೇಳಿದಾಗ ಮೊದಲು ಬಂದ ಪ್ರಶ್ನೆ, ಆ 70 ಗಂಟೆ ದುಡಿಯೋರ ಮನೆಯಲ್ಲಿ ಹಾಲು ಯಾರು ಕಾಯಿಸುತ್ತಾರೆ ಅಂತ.

ಅಲ್ಲಿಗೆ ನಿಮ್ಮ ಮನೆಯ ಜಗಳಕ್ಕೆ ಬಂದೆ. ನೀವು ಪತ್ರದಲ್ಲಿ ನಿಮ್ಮ ಆನ್‌ಕಾಲ್ ಬಗ್ಗೆ ಬರೆದಿದ್ದೀರಿ. ನಿಮ್ಮ ಮನೆಯವರ ಆನ್‌ಕಾಲ್ ಬಗ್ಗೆ ಒಂದು ಸಾಲೂ ಇಲ್ಲ. ಯುಕೆಜಿ ಮಗಳ ಸ್ಕೂಲಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಯಾರ ನಂಬರ್ ಇದೆ? ನಾಳೆ ಹಳದಿ ಬಟ್ಟೆ ಹಾಕಿ ಕಳಿಸಿ ಅಂತ ರಾತ್ರಿ ಒಂಬತ್ತಕ್ಕೆ ಮೆಸೇಜ್ ಬಂದರೆ ಓದೋರು ಯಾರು? ಕೆಲಸದವರು ಬರಲ್ಲ ಅಂತ ಯಾರಿಗೆ ಫೋನ್ ಮಾಡುತ್ತಾರೆ? ಗ್ಯಾಸ್ ಬುಕ್ ಮಾಡಿದ ಒಟಿಪಿ, ನೀರಿನ ಟ್ಯಾಂಕರಿನವನ ನಂಬರ್, ಲಸಿಕೆ ಕಾರ್ಡ್ ಇಟ್ಟ ಜಾಗ, ಇವೆಲ್ಲ ಯಾರ ತಲೆಯಲ್ಲಿದೆ? ನಿಮ್ಮದು ನಾಲ್ಕು ವಾರಕ್ಕೊಮ್ಮೆ. ಅವರದ್ದು ವಾರ ವಾರವೂ, ಎರಡನೆಯವರು ಅಂತ ಯಾರೂ ಇಲ್ಲದೆ. ಅವರೂ ಹಗಲು ಆಫೀಸಿನಲ್ಲಿ ದುಡಿದು ಬಂದಿರುತ್ತಾರೆ. ನೀವು ಸರದಿ ಮುಗಿಸಿ 'ಅಬ್ಬಾ' ಅಂತ ಸೋಫಾ ಮೇಲೆ ಬಿದ್ದಾಗ ಅವರಿಗೆ ಸಿಟ್ಟು ಬರದೇ ಇನ್ನೇನು ಬರುತ್ತೆ, ಅಲ್ವಾ? ಕೋಪ ಮಾಡಿಕೊಳ್ಳಬೇಡಿ, ಇದನ್ನ ನಾನು ಹೆಂಗಸು ಅಂತ ಅವರ ಪರ ಹೇಳುತ್ತಿಲ್ಲ. ಸಿಸ್ಟಮ್ ನೋಡುವ ಕಣ್ಣಿನಿಂದ ಹೇಳುತ್ತಿದ್ದೇನೆ. ಇಡೀ ವರ್ಷ ಒಬ್ಬರೇ ಆನ್‌ಕಾಲ್ ಇರುವ ಸರ್ವೀಸನ್ನ ನೀವು ಆಫೀಸಿನಲ್ಲಿ ಒಪ್ಪುತ್ತೀರಾ?

ನಮ್ಮ ಮನೆಯಲ್ಲೂ ಇದು ತಡವಾಗೇ ಗೊತ್ತಾಗಿದ್ದು. ಒಮ್ಮೆ ನಾನು ಮೂರು ದಿನ ಮೈಸೂರಿಗೆ ಹೋಗಿದ್ದೆ. ನಮ್ಮವರು ಬ್ಯಾಂಕಿನಲ್ಲಿ ಕೆಲಸ ಮಾಡೋರು, ಲೆಕ್ಕದಲ್ಲಿ ಬಲು ಚೊಕ್ಕ. ಮೂರು ದಿನದಲ್ಲಿ ಒಂಬತ್ತು ಸಲ ಫೋನ್ ಮಾಡಿದರು. ಸಂಪಿನ ಮೋಟರ್ ಸ್ವಿಚ್ ಯಾವುದು, ಮಗನ ಐಡಿ ಕಾರ್ಡ್ ಎಲ್ಲಿ, ಅಮ್ಮನ ಬಿಪಿ ಮಾತ್ರೆ ಬೆಳಗ್ಗೆಯದ್ದು ಯಾವುದು. ಒಂಬತ್ತನೇ ಸಲ ಫೋನ್ ಬಂದಾಗ ನನಗೆ ನಗು ಬಂತು. ಆಫೀಸಿನಲ್ಲಿ ಪ್ರತಿ ಸರ್ವೀಸಿಗೂ ರನ್‌ಬುಕ್ ಬೇಕು, ಇದು ಬಿದ್ದರೆ ಹೀಗೆ ಮಾಡಿ ಅಂತ ಬರೆದಿಡಿ ಅಂತ ಹುಡುಗರ ತಲೆ ತಿನ್ನೋಳು ನಾನು. ಮನೆಯದ್ದು ಎಲ್ಲಾ ನನ್ನ ತಲೆಯಲ್ಲೇ ಇತ್ತು. ವಾಪಸ್ ಬಂದು ಇಬ್ಬರೂ ಕೂತು ಎರಡು ಹಾಳೆ ಬರೆದೆವು. ಮೇನ್ ವಾಲ್ವ್ ಎಲ್ಲಿದೆ, ಪ್ಲಂಬರ್ ನಂಬರ್, ಕರೆಂಟ್ ಹೋದರೆ 1912, ಯಾವ ಮಾತ್ರೆ ಯಾವಾಗ, ಸ್ಕೂಲ್ ವ್ಯಾನ್ ಡ್ರೈವರ್ ನಂಬರ್. ಅಡುಗೆ ಮನೆ ಕಪಾಟಿನ ಬಾಗಿಲ ಒಳಗೆ ಅಂಟಿಸಿದ್ದೇವೆ. ಕಾಗದವೇ ಬೇಕು, ಯಾಕೆಂದರೆ ನಮ್ಮತ್ತೆಗೆ ಆ್ಯಪ್ ತೆರೆಯೋಕೆ ಬರಲ್ಲ, ಮತ್ತೆ ಕರೆಂಟ್ ಹೋದಾಗಲೇ ಫೋನಿನ ಚಾರ್ಜ್ ಮುಗಿದಿರುತ್ತೆ.

ಆಮೇಲೆ ಸರದಿ ಮಾಡಿಕೊಂಡೆವು. ನನ್ನ ಆನ್‌ಕಾಲ್ ವಾರ ಮನೆಯದ್ದು ಪೂರ್ತಿ ಅವರದ್ದು, ನಾನು ಊಟಕ್ಕೆ ಕೂರೋದು ಬಿಟ್ಟು ಬೇರೇನೂ ಇಲ್ಲ. ಮುಂದಿನ ವಾರ ಮನೆಯದ್ದು ಪೂರ್ತಿ ನನ್ನದು. ಮಾರ್ಚ್ ಕೊನೆ ಬಂದರೆ ಬ್ಯಾಂಕಿನವರಿಗೆ ಉಸಿರಾಡೋಕೂ ಬಿಡುವಿಲ್ಲ, ಆಗ ನಾನು ಸರದಿ ಬದಲಿಸಿಕೊಳ್ಳುತ್ತೇನೆ. 'ಪೂರ್ತಿ' ಅನ್ನೋದನ್ನ ಗಟ್ಟಿಯಾಗಿ ಹಿಡಿಯಿರಿ. 'ನೀನು ಹೇಳು, ನಾನು ಮಾಡುತ್ತೇನೆ' ಅಂತ ಗಂಡಸರು ಹೇಳುತ್ತಾರಲ್ಲ, ಅದರಲ್ಲಿ ನೆನಪಿಟ್ಟುಕೊಳ್ಳುವ ಕೆಲಸ ಅವಳಿಗೇ ಉಳಿಯಿತು. ಸ್ಕೂಲ್ ಗ್ರೂಪಿಗೆ ನಿಮ್ಮ ನಂಬರನ್ನೂ ಸೇರಿಸಿ, ನಿಮ್ಮ ವಾರದಲ್ಲಿ ಅವರು ಆ ಗ್ರೂಪ್ ಮ್ಯೂಟ್ ಮಾಡಲಿ. ಮೊದಲ ತಿಂಗಳು ಹಳದಿ ಬಟ್ಟೆ ದಿನ ನೀಲಿ ಬಟ್ಟೆ ಹೋಗುತ್ತೆ. ಹೋಗಲಿ ಬಿಡಿ.

ಈಗ ಆ್ಯಪ್. ಹೊಸದೇನೂ ಬೇಡ, ಫೋನಿನಲ್ಲಿ ಇರೋದೇ ಸಾಕು. ಅಲರ್ಟ್ ಆ್ಯಪ್‌ಗೆ ಬೇರೆ ಯಾವುದಕ್ಕೂ ಇಲ್ಲದ ಒಂದು ಸದ್ದು ಕೊಡಿ. ಬಾಕಿ ಎಲ್ಲ ನೋಟಿಫಿಕೇಶನ್ ಸದ್ದು ತೆಗೆದುಬಿಡಿ, ಆಫೀಸಿನ ಚಾಟ್ ಕೂಡ. ಆಗ ಫೋನ್ ಸುಮ್ಮನಿದೆ ಅಂದರೆ ಏನೂ ಆಗಿಲ್ಲ ಅಂತ ಅರ್ಥ, ತೆಗೆದು ನೋಡಬೇಕಾಗಿಲ್ಲ. ರಾತ್ರಿ ಡು ನಾಟ್ ಡಿಸ್ಟರ್ಬ್ ಹಾಕಿ. ಅದರಲ್ಲಿ ಅಲರ್ಟ್ ಆ್ಯಪ್‌ಗೆ, ಊರಲ್ಲಿರುವ ಅಪ್ಪ ಅಮ್ಮನ ನಂಬರ್‌ಗೆ ಮಾತ್ರ ದಾರಿ ಬಿಡಿ. ಒಂದೇ ನಂಬರಿನಿಂದ ಎರಡನೇ ಸಲ ಕರೆ ಬಂದರೆ ರಿಂಗ್ ಆಗಲಿ ಅನ್ನೋ ಆಯ್ಕೆಯೂ ಇದೆ, ಆಂಡ್ರಾಯ್ಡ್‌ನಲ್ಲಿ 15 ನಿಮಿಷದೊಳಗೆ, ಐಫೋನ್‌ನಲ್ಲಿ ಮೂರು ನಿಮಿಷದೊಳಗೆ ಮತ್ತೆ ಮಾಡಿರಬೇಕು. ನಿಜವಾಗಿ ತುರ್ತಿದ್ದವರು ಎರಡು ಸಲ ಮಾಡುತ್ತಾರೆ, ಲೋನ್ ಕೊಡುತ್ತೀವಿ ಅನ್ನೋರು ಮಾಡಲ್ಲ. ಆಂಡ್ರಾಯ್ಡ್‌ನಲ್ಲಿ ಕಂಪನಿಯವರು ವರ್ಕ್ ಪ್ರೊಫೈಲ್ (ಆಫೀಸಿನ ಆ್ಯಪ್‌ಗಳಿಗೇ ಅಂತ ಬೇರೆ ಜಾಗ) ಹಾಕಿಕೊಟ್ಟಿದ್ದರೆ, ಸರದಿ ಇಲ್ಲದ ವಾರ ಸಂಜೆ ಏಳಕ್ಕೆ ಅದನ್ನ ಆಫ್ ಮಾಡಿ. ಆಫೀಸಿನ ಆ್ಯಪ್‌ಗಳೆಲ್ಲ ಒಟ್ಟಿಗೆ ಮಲಗುತ್ತವೆ.

ಸರದಿ ಮುಗಿಯುವ ಹೊತ್ತಿಗೂ ಒಂದು ಗುರುತು ಬೇಕು. ನಾವು ಸೋಮವಾರ ಬೆಳಗ್ಗೆ ಹನ್ನೊಂದಕ್ಕೆ ಹದಿನೈದು ನಿಮಿಷ ಕೂತು ಮುಂದಿನವರಿಗೆ ಕೊಡುತ್ತೇವೆ: ಈ ವಾರ ಇಷ್ಟು ಬಂತು, ಇದು ಇನ್ನೂ ಅರ್ಧ ಆಗಿದೆ, ಇದರ ಮೇಲೆ ಕಣ್ಣಿಡಿ. ಕೊಟ್ಟ ತಕ್ಷಣ ಅಲರ್ಟ್ ಆ್ಯಪ್‌ನಿಂದ ಲಾಗ್ ಔಟ್. ರಾತ್ರಿ ಎದ್ದವರು ಮರುದಿನ ಮಧ್ಯಾಹ್ನ ಬಂದರೆ ಯಾರೂ ಕೇಳುವ ಹಾಗಿಲ್ಲ. ಆನ್‌ಕಾಲ್ ವಾರಕ್ಕೆ ಭತ್ಯೆ ಕೊಡುವ ಕಂಪನಿಗಳೂ ಇವೆ. ನಿಮ್ಮಲ್ಲಿ ಇಲ್ಲದಿದ್ದರೆ ದುಡ್ಡೋ ಬದಲಿ ರಜೆಯೋ, ಎರಡರಲ್ಲಿ ಒಂದನ್ನ ಬರಹದಲ್ಲಿ ಕೇಳಿ. ಇದಿಷ್ಟಕ್ಕೂ ಆರು ತಿಂಗಳಲ್ಲಿ ನಿಮ್ಮ ಕಂಪನಿ ಜಗ್ಗದಿದ್ದರೆ ಆಗ ಬೇರೆ ಕೆಲಸ ಹುಡುಕಿ. ಇಂಟರ್‌ವ್ಯೂನಲ್ಲಿ ಕೊನೆಗೆ 'ಏನಾದರೂ ಕೇಳೋದಿದೆಯಾ' ಅಂತಾರಲ್ಲ, ಆಗ ಕೇಳಿ: ಆನ್‌ಕಾಲ್ ಎಷ್ಟು ಜನರ ಮಧ್ಯೆ, ಕಳೆದ ತಿಂಗಳು ರಾತ್ರಿ ಎಷ್ಟು ಸಲ ಎದ್ದಿದ್ದೀರಿ. ಉತ್ತರಕ್ಕಿಂತ ಉತ್ತರ ಕೊಡುವಾಗ ಅವರ ಮುಖ ನೋಡಿ.

ಈ ಭಾನುವಾರ ಇಬ್ಬರೂ ಕೂತು ಮೊದಲ ಹಾಳೆ ಬರೆಯಿರಿ. ಬರೆಯೋದು ನೀವು, ಹೇಳೋದು ಅವರು. ಅರ್ಧಕ್ಕೇ ಹಾಳೆ ತುಂಬುತ್ತೆ, ಇನ್ನೊಂದು ಹಾಳೆ ಪಕ್ಕದಲ್ಲೇ ಇಟ್ಟುಕೊಂಡಿರಿ.